ಮದ್ಯ ಬಿಟ್ಟ ಮೇಲೆ ಕಾಡುವ ಸಿಹಿ ತುಡಿತ: ಮನೆಯವರು ಯಾವುದನ್ನು ಮೊದಲು ನೋಡಿಕೊಳ್ಳಬೇಕು?

ಕುಡಿತ ನಿಲ್ಲಿಸಿ ಹತ್ತು ಹದಿನೈದು ದಿನ ಕಳೆಯುವಷ್ಟರಲ್ಲಿ ಅನೇಕ ಮನೆಗಳಲ್ಲಿ ಒಂದೇ ಬಗೆಯ ಗಲಿಬಿಲಿ ಶುರುವಾಗುತ್ತದೆ. ವರ್ಷಗಟ್ಟಲೆ ಸಿಹಿಯನ್ನು ಮುಟ್ಟದೆ ಖಾರದ ಕಡಲೆಯನ್ನೇ ಬೇಡುತ್ತಿದ್ದವರು ಈಗ ಚಹಾಕ್ಕೆ ಮೂರು ಚಮಚ ಸಕ್ಕರೆ ಹಾಕಿಸಿಕೊಳ್ಳುತ್ತಾರೆ, ಡಬ್ಬಿಯಿಂದ ಬೆಲ್ಲದ ಚೂರು ತೆಗೆದು ಬಾಯಿಗೆ ಹಾಕಿಕೊಳ್ಳುತ್ತಾರೆ, ನಡುರಾತ್ರಿ ಎದ್ದು ಬಿಸ್ಕತ್ತಿನ ಪೊಟ್ಟಣ ಹುಡುಕುತ್ತಾರೆ. ಇದನ್ನು ಕಂಡ ಮನೆಯವರು ಸಾಮಾನ್ಯವಾಗಿ ಎರಡು ದಾರಿಗಳಲ್ಲಿ ಒಂದನ್ನು ಹಿಡಿಯುತ್ತಾರೆ: ಸಕ್ಕರೆ ಕಾಯಿಲೆ ಬಂದೀತೆಂಬ ಭಯದಿಂದ ಸಿಹಿಯನ್ನೆಲ್ಲ ಬಚ್ಚಿಡುತ್ತಾರೆ, ಇಲ್ಲವೇ ಕುಡಿಯುವುದಕ್ಕಿಂತ ಇದೇ ವಾಸಿಯೆಂದು ಕಿಲೋಗಟ್ಟಲೆ ತಂದು ಮುಂದಿಡುತ್ತಾರೆ. ಮೊದಲನೆಯದರಿಂದ ಹಸಿವು ಮತ್ತು ಸಿಟ್ಟು ಬೆಳೆದು ಬಾರಿನ ದಾರಿ ಹತ್ತಿರವಾಗುತ್ತದೆ. ಎರಡನೆಯದರಿಂದ ಕೆಲವೇ ತಿಂಗಳಲ್ಲಿ ಮೈತೂಕವೂ ರಕ್ತದ ಸಕ್ಕರೆಯೂ ಏರಬಹುದು.

ಬಹುಪಾಲು ಕಡೆ ಕೆಲಸ ಕೆಡುವುದು ಕ್ರಮ ತಪ್ಪುವುದರಿಂದ. ಮದ್ಯವನ್ನು ದೂರವಿಡುವುದು ಮೊದಲನೆಯ ಕೆಲಸ, ಊಟದ ಹೊತ್ತನ್ನು ಸರಿಪಡಿಸುವುದು ಎರಡನೆಯದು, ಸಂಜೆಯನ್ನು ಸಂಭಾಳಿಸುವುದು ಮೂರನೆಯದು, ಸಕ್ಕರೆ ಇಳಿಸುವುದು ಕೊನೆಯದು. ಕೊನೆಯದನ್ನು ಮೊದಲು ಮಾಡಲು ಹೊರಟವರಿಗೆ ನಾಲ್ಕೂ ಕೈತಪ್ಪುತ್ತವೆ. ಮುಂದಿನ ಹಂತಗಳನ್ನು ಆ ಕ್ರಮದಲ್ಲಿಯೇ ಓದಬೇಕೆಂದು ಕೋರುತ್ತೇನೆ.

## ತುಡಿತ ಎಲ್ಲಿಂದ ಬರುತ್ತದೆ

ನಮ್ಮಲ್ಲಿ ಮಾರುವ ವಿಸ್ಕಿ, ಬ್ರಾಂದಿ, ರಮ್‌ಗಳಲ್ಲಿ ಸಾಮಾನ್ಯವಾಗಿ ಶೇ 42.8ರಷ್ಟು ಮದ್ಯಸಾರವಿರುತ್ತದೆ. ಹಾಗಾಗಿ 180 ಮಿ.ಲೀ.ನ ಒಂದು ಕ್ವಾರ್ಟರಿನಲ್ಲಿ ಸುಮಾರು 60 ಗ್ರಾಂ ಶುದ್ಧ ಆಲ್ಕೋಹಾಲ್ ಇದೆ. ಒಂದು ಗ್ರಾಂ ಆಲ್ಕೋಹಾಲ್ 7 ಕ್ಯಾಲೊರಿ ಕೊಡುವುದರಿಂದ ಒಂದು ಕ್ವಾರ್ಟರ್ ಎಂದರೆ ಸುಮಾರು 420 ಕ್ಯಾಲೊರಿ. ದಿನಕ್ಕೆ ಎರಡು ಕುಡಿಯುತ್ತಿದ್ದವರಿಗೆ 840. ಪ್ರೋಟೀನಾಗಲಿ ಜೀವಸತ್ವವಾಗಲಿ ಇಲ್ಲದ ಈ ಶಕ್ತಿ ಒಂದು ದಿನ ಇದ್ದಕ್ಕಿದ್ದಂತೆ ನಿಂತುಹೋದಾಗ ದೇಹ ಅಷ್ಟೇ ಬೇಗ ಸಿಗುವ ಇನ್ನೊಂದು ಶಕ್ತಿಯನ್ನು ಕೇಳುತ್ತದೆ, ಮತ್ತು ಸಕ್ಕರೆಗಿಂತ ಬೇಗ ಸಿಗುವುದು ಅಡುಗೆಮನೆಯಲ್ಲಿ ಬೇರೇನೂ ಇರುವುದಿಲ್ಲ.

ಎರಡನೆಯ ಕಾರಣ ಮಿದುಳಿನದು. ಮದ್ಯ ಮತ್ತು ಸಿಹಿ ಎರಡೂ ಡೋಪಮೈನ್ ಎಂಬ ಮಿದುಳಿನ ರಾಸಾಯನಿಕದ ಮೂಲಕ ಹಿತದ ಅನುಭವ ಕೊಡುವ ಜಾಲವನ್ನೇ ತಟ್ಟುತ್ತವೆ. ಒಂದು ಬಾಗಿಲು ಮುಚ್ಚಿದಾಗ ಮಿದುಳು ಇನ್ನೊಂದನ್ನು ತಟ್ಟುವುದು ಸಹಜ. ಇದರ ಜೊತೆಗೆ, ಕುಡಿತದ ವರ್ಷಗಳಲ್ಲಿ ಬೆಳಗಿನ ತಿಂಡಿ ಬಿಟ್ಟು, ಮಧ್ಯಾಹ್ನ ಅರೆಹೊಟ್ಟೆ ಉಂಡು, ರಾತ್ರಿ ಹೊತ್ತುಮೀರಿ ತಿನ್ನುವ ರೂಢಿ ಬಿದ್ದಿರುತ್ತದೆ. ಕುಡಿತ ನಿಂತರೂ ಆ ರೂಢಿ ತಾನಾಗಿ ನಿಲ್ಲುವುದಿಲ್ಲ, ಅದರಿಂದ ಸಂಜೆಯ ಹೊತ್ತಿಗೆ ಹೊಟ್ಟೆ ಬರಿದಾಗಿರುತ್ತದೆ.

ಮೂರನೆಯದು ಬಹಳ ಮನೆಗಳಲ್ಲಿ ಗಮನಕ್ಕೇ ಬರುವುದಿಲ್ಲ. ನಿದ್ರೆ, ಆತಂಕ ಅಥವಾ ಖಿನ್ನತೆಗೆಂದು ವೈದ್ಯರು ಬರೆದುಕೊಡುವ ಮಿರ್ಟಜಪಿನ್, ಒಲಾಂಜಪಿನ್, ಕ್ವೆಟಿಯಾಪಿನ್‌ನಂತಹ ಮಾತ್ರೆಗಳು ಹಸಿವನ್ನೂ ತೂಕವನ್ನೂ ಹೆಚ್ಚಿಸಬಲ್ಲವು. ಮಾತ್ರೆ ಶುರುವಾದ ಮೇಲೆಯೇ ತಿನ್ನುವುದು ಮಿತಿಮೀರಿದ್ದರೆ ಅದನ್ನು ವೈದ್ಯರಿಗೆ ಹೇಳಿ ಬದಲಾಯಿಸಬಹುದೇ ಎಂದು ಕೇಳಬೇಕು. ಮನೆಯಲ್ಲೇ ತೀರ್ಮಾನಿಸಿ ಮಾತ್ರೆ ನಿಲ್ಲಿಸಬಾರದು.

## ಶುರುವಿಗೆ ಮುನ್ನ ಕೈಯಲ್ಲಿರಬೇಕಾದವು

ಸಲಕರಣೆಗಳ ಪಟ್ಟಿ ಸಣ್ಣದು. ಒಂದು ಇನ್ನೂರು ಪುಟದ ನೋಟ್‌ಬುಕ್ಕು, ಮುಚ್ಚಳವಿರುವ ಎರಡು ಸಣ್ಣ ಸ್ಟೀಲ್ ಡಬ್ಬಿ, ಒಂದು ಅಳತೆಯ ಟೀ ಚಮಚ, ಮತ್ತು ಮದ್ಯ ಬಿಟ್ಟವರಿಗೆ ಈಗಾಗಲೇ ಸಕ್ಕರೆ ಕಾಯಿಲೆಯಿದ್ದರೆ ಗ್ಲುಕೋಮೀಟರ್ ಹಾಗೂ ಅದರ ಪಟ್ಟಿಗಳು. ಅಡುಗೆಮನೆಯ ಗೋಡೆಯ ಮೇಲೆ ಕಾಣುವಂತೆ ಚಿಕಿತ್ಸೆ ಕೊಡುತ್ತಿರುವ ವೈದ್ಯರ ಸಂಖ್ಯೆ, ಆಂಬುಲೆನ್ಸಿನ 108, ದಿನದ ಯಾವ ಹೊತ್ತಿನಲ್ಲೂ ಕನ್ನಡದಲ್ಲಿ ಮಾತನಾಡಬಹುದಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416, ಮಾದಕ ವ್ಯಸನಕ್ಕೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ 14446 — ಇಷ್ಟನ್ನು ಬರೆದು ಅಂಟಿಸಿರಿ.

ಮೊದಲ ಭೇಟಿಯಲ್ಲಿಯೇ ರಕ್ತ ಪರೀಕ್ಷೆಗಳನ್ನು ಮಾಡಿಸಿಕೊಳ್ಳುವುದು ಒಳ್ಳೆಯದು: ಬರಿಹೊಟ್ಟೆಯ ಸಕ್ಕರೆ, ಎಚ್‌ಬಿಎ1ಸಿ (ಹಿಂದಿನ ಎರಡು ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಪರೀಕ್ಷೆ), ಯಕೃತ್ತಿನ ಪರೀಕ್ಷೆ, ಕೊಬ್ಬಿನ ಪ್ರಮಾಣ. ರಕ್ತಹೀನತೆ ಅಥವಾ ಯಕೃತ್ತಿನ ಕಾಯಿಲೆ ಇರುವವರಲ್ಲಿ ಎಚ್‌ಬಿಎ1ಸಿ ಸರಿಯಾದ ಚಿತ್ರ ಕೊಡದಿರಬಹುದಾದ್ದರಿಂದ ಅದೊಂದನ್ನೇ ನಂಬಿ ಕೂರಬಾರದು. ಈ ಫಲಿತಾಂಶಗಳು ಕೈಗೆ ಬಂದ ಮೇಲೆ ಸಿಹಿಯ ಬಗ್ಗೆ ಮನೆಯಲ್ಲಿ ನಡೆಯುವ ಜಗಳ ಅರ್ಧ ಕಡಿಮೆಯಾಗುತ್ತದೆ, ಏಕೆಂದರೆ ಆಗ ಊಹೆಯ ಜಾಗದಲ್ಲಿ ಅಂಕಿಯಿರುತ್ತದೆ.

## ಹಂತ 1: ಮೊದಲ ವಾರ ಸಕ್ಕರೆಯ ಮಾತು ಬೇಡ

ದಿನವೂ ಹೆಚ್ಚು ಕುಡಿಯುತ್ತಿದ್ದವರು ವೈದ್ಯರಿಗೆ ಹೇಳದೆ ಮನೆಯಲ್ಲಿಯೇ ಒಮ್ಮೆಲೇ ನಿಲ್ಲಿಸುವುದು ಅಪಾಯ. ಕೊನೆಯ ಬಾರಿ ಕುಡಿದ ಸುಮಾರು 6ರಿಂದ 48 ಗಂಟೆಗಳೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದ ನಡುವೆ ಕೆಲವರಿಗೆ ತೀವ್ರ ನಡುಕ, ಜ್ವರ, ಇಲ್ಲದ್ದು ಕಾಣುವುದು, ದಿಕ್ಕು ದೆಸೆ ತಿಳಿಯದೆ ಬಡಬಡಿಸುವುದು ಶುರುವಾಗಿ ಜೀವಕ್ಕೇ ಸಂಚಕಾರ ಬರಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ, ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್ ಇದೆ, ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯರು ಸಿಗುತ್ತಾರೆ. ಎಲ್ಲಿ ತೋರಿಸಬೇಕೆಂದು ತಿಳಿಯದಿದ್ದರೆ ಮೇಲಿನ ಎರಡು ಸಹಾಯವಾಣಿಗಳಲ್ಲಿ ಒಂದಕ್ಕೆ ಕರೆ ಮಾಡಿದರೆ ಸಾಕು.

ಈ ವಾರದಲ್ಲಿ ಎಲ್ಲಕ್ಕಿಂತ ದೊಡ್ಡ ತಪ್ಪು ನಮ್ಮ ಊರುಗಳಲ್ಲಿ ತೀರ ಸಾಮಾನ್ಯವಾಗಿರುವಂಥದ್ದು: ಸುಸ್ತಾಗಿದೆಯೆಂದು ಹತ್ತಿರದ ಕ್ಲಿನಿಕ್ಕಿಗೆ ಕರೆದೊಯ್ದು "ಒಂದು ಗ್ಲೂಕೋಸ್ ಹಾಕಿ ಡಾಕ್ಟ್ರೇ" ಎನ್ನುವುದು. ಬಹಳ ಕಾಲ ಕುಡಿದವರ ದೇಹದಲ್ಲಿ ಥಯಮಿನ್, ಅಂದರೆ ಬಿ1 ಜೀವಸತ್ವ, ಬರಿದಾಗಿರುತ್ತದೆ. ಅದನ್ನು ಕೊಡದೆ ಗ್ಲೂಕೋಸ್ ಮಾತ್ರ ಏರಿಸಿದರೆ ವರ್ನಿಕೆ ಎಂಬ ಮಿದುಳಿನ ತೊಂದರೆ ಕಾಣಿಸಿಕೊಳ್ಳಬಹುದು. ಗೊಂದಲ, ಕಣ್ಣುಗುಡ್ಡೆಗಳ ಅಸಹಜ ಚಲನೆ, ನಡಿಗೆಯಲ್ಲಿ ತೂರಾಟ ಅದರ ಗುರುತುಗಳು. ಆದ್ದರಿಂದ ಡ್ರಿಪ್ ಹಾಕುವ ಮುನ್ನವೇ ಕುಡಿತದ ವಿಷಯವನ್ನು ಮುಚ್ಚುಮರೆಯಿಲ್ಲದೆ ಹೇಳಿ, ಥಯಮಿನ್ ಕೊಡಬೇಕೇ ಎಂದು ಕೇಳಿರಿ. ಕುಡಿತ ಬಿಟ್ಟವರು ನಡುರಸ್ತೆಯಲ್ಲಿ ತೂರಾಡಿದರೆ ಮತ್ತೆ ಕುಡಿದಿದ್ದಾರೆಂದು ಬೈಯುವ ಮುಂಚೆ ಬಾಯಿಯ ವಾಸನೆಯನ್ನೂ ಕಣ್ಣನ್ನೂ ನೋಡಬೇಕು.

ಕೆಲವು ದಿನಗಳಿಂದ ಏನೂ ತಿನ್ನದೆ ಬರೀ ಕುಡಿದವರಿಗೆ ಒಂದೇ ಸಲ ಹೊಟ್ಟೆ ತುಂಬ ಸಿಹಿಯಾಗಲಿ ಅನ್ನವಾಗಲಿ ಕೊಡುವುದೂ ಸರಿಯಲ್ಲ. ಬಡಕಲಾದ ದೇಹದಲ್ಲಿ ಲವಣಗಳ ಪ್ರಮಾಣ ಏರುಪೇರಾಗಿ ಹೃದಯಕ್ಕೆ ತೊಂದರೆಯಾಗುವ ಸಾಧ್ಯತೆಯಿದೆ. ಗಂಜಿ, ರಾಗಿ ಅಂಬಲಿ, ಮಜ್ಜಿಗೆ, ತೆಳ್ಳನೆಯ ಬೇಳೆಸಾರು ಕಲಸಿದ ಮೆತ್ತನೆಯ ಅನ್ನ, ಇಡ್ಲಿ ಇವುಗಳನ್ನು ಸ್ವಲ್ಪ ಸ್ವಲ್ಪವಾಗಿ, ಎರಡು ಮೂರು ಗಂಟೆಗೊಮ್ಮೆ ಕೊಡಬಹುದು. ನಡುವೆ ಅವರು ಒಂದು ತುಂಡು ಬೆಲ್ಲ ಕೇಳಿದರೆ ಕೊಡಿರಿ. ಈ ಏಳು ದಿನ ಸಕ್ಕರೆಯ ಲೆಕ್ಕ ಹಿಡಿಯುವ ಕಾಲವಲ್ಲ. ಆದರೆ ಈಗಾಗಲೇ ಸಕ್ಕರೆ ಕಾಯಿಲೆಯಿರುವವರಿಗೆ ಈ ಮಾತು ಅನ್ವಯಿಸುವುದಿಲ್ಲ. ಅವರ ಸಿಹಿ, ಮಾತ್ರೆ, ಇನ್ಸುಲಿನ್ ಎಲ್ಲವನ್ನೂ ಮೊದಲ ದಿನದಿಂದಲೇ ವೈದ್ಯರು ನಿಗದಿಪಡಿಸಬೇಕು.

## ಹಂತ 2: ಊಟದ ಹೊತ್ತನ್ನು ಹಳಿಗೆ ತರುವುದು

ಎರಡನೆಯ ವಾರದಿಂದ ನಾಲ್ಕನೆಯ ವಾರದವರೆಗೆ ಇದೊಂದೇ ಕೆಲಸ. ಇದನ್ನು ಸರಿಯಾಗಿ ಮಾಡಿದ ಮನೆಗಳಲ್ಲಿ ಮುಂದಿನ ಹಂತಗಳು ಸುಲಭವಾಗುತ್ತವೆ, ಇದನ್ನು ಹಾರಿದವರು ಮುಂದೆ ಎಷ್ಟೇ ಉಪದೇಶ ಮಾಡಿದರೂ ಫಲ ಸಿಗುವುದು ಕಷ್ಟ. ನಿಯಮ ಒಂದೇ: ಎಚ್ಚರವಿರುವ ಹೊತ್ತಿನಲ್ಲಿ ಮೂರು ನಾಲ್ಕು ಗಂಟೆಗಿಂತ ಹೆಚ್ಚು ಕಾಲ ಹೊಟ್ಟೆ ಬರಿದಾಗಿರಬಾರದು. ಅಂದರೆ ಮೂರು ಊಟ, ನಡುವೆ ಎರಡು ಸಣ್ಣ ತಿಂಡಿ.

ಬೆಳಗಿನ ತಿಂಡಿಯನ್ನು ಎದ್ದ ಒಂದೂವರೆ ಗಂಟೆಯೊಳಗೆ ಮುಗಿಸಬೇಕು. ಮೊದಮೊದಲು ಹಸಿವೇ ಇರುವುದಿಲ್ಲ, ವಾಕರಿಕೆಯೂ ಬರಬಹುದು. ಆಗ ಒಂದೇ ಇಡ್ಲಿಯಿಂದಲೋ ಅರ್ಧ ಲೋಟ ರಾಗಿ ಗಂಜಿಯಿಂದಲೋ ಶುರು ಮಾಡಿ ನಾಲ್ಕೈದು ದಿನಗಳಲ್ಲಿ ಏರಿಸಿರಿ. ಮಧ್ಯಾಹ್ನ ಮತ್ತು ರಾತ್ರಿಯ ಊಟದಲ್ಲಿ ಕಾಳು, ಬೇಳೆ, ಮೊಸರು, ಮೊಟ್ಟೆ, ಮೀನು ಇವುಗಳಲ್ಲಿ ಒಂದಾದರೂ ಇರಲೇಬೇಕು, ಏಕೆಂದರೆ ಬರೀ ಅನ್ನ ತಿಳಿಸಾರು ಉಂಡವರಿಗೆ ಎರಡು ಗಂಟೆಯಲ್ಲಿ ಮತ್ತೆ ಸಿಹಿ ಬೇಕೆನಿಸುತ್ತದೆ. ಇದಕ್ಕಾಗಿ ಹೊಸ ಅಡುಗೆ ಕಲಿಯಬೇಕಾಗಿಲ್ಲ. ಹಳೆಯ ಮೈಸೂರಿನ ಕಡೆ ಮುದ್ದೆಯ ಜೊತೆ ಬಸ್ಸಾರು ಅಥವಾ ಮೊಳಕೆಕಾಳಿನ ಸಾರು, ಧಾರವಾಡ ಕಲಬುರಗಿಯ ಕಡೆ ಜೋಳದ ರೊಟ್ಟಿಯೊಂದಿಗೆ ಕಾಳಿನ ಪಲ್ಯ ಮತ್ತು ಗಟ್ಟಿ ಮೊಸರು, ಕರಾವಳಿಯಲ್ಲಿ ಕುಚ್ಚಲಕ್ಕಿ ಗಂಜಿಗೆ ಮೀನು ಅಥವಾ ಹೆಸರುಕಾಳಿನ ಗಸಿ — ಇವೆಲ್ಲ ಈ ಕೆಲಸಕ್ಕೆ ಹೇಳಿಮಾಡಿಸಿದಂತಿವೆ.

ಯಕೃತ್ತಿನ ಕಾಯಿಲೆ ಇದೆಯೆಂದು ತಿಳಿದೊಡನೆ ಕೆಲವರು ಬೇಳೆ ಮೊಟ್ಟೆಗಳನ್ನು ನಿಲ್ಲಿಸಿ ಗ್ಲೂಕೋಸ್ ಪುಡಿ, ಕಬ್ಬಿನ ಹಾಲು ಕೊಡತೊಡಗುತ್ತಾರೆ. ಕಾಮಾಲೆಗೆ ಕಬ್ಬಿನ ಹಾಲು ಒಳ್ಳೆಯದೆಂಬ ನಂಬಿಕೆ ಎಷ್ಟು ಬೇರೂರಿದೆಯೆಂದರೆ ಅದನ್ನು ಪ್ರಶ್ನಿಸಿದವರನ್ನೇ ಜನ ವಿಚಿತ್ರವಾಗಿ ನೋಡುತ್ತಾರೆ. ಯಕೃತ್ತು ಹಾಳಾದವರಿಗೂ ಸಾಮಾನ್ಯವಾಗಿ ಪ್ರೋಟೀನ್ ಬೇಕೇಬೇಕು. ರಾತ್ರಿಯ ದೀರ್ಘ ಉಪವಾಸ ಅವರ ಸ್ನಾಯುಗಳನ್ನು ಕರಗಿಸುವುದರಿಂದ ಮಲಗುವ ಮುನ್ನ ಒಂದು ಸಣ್ಣ ತಿಂಡಿಯನ್ನೂ ವೈದ್ಯರು ಸೂಚಿಸುತ್ತಾರೆ. ಏನನ್ನು ಎಷ್ಟು ಎಂಬುದನ್ನು ಆಸ್ಪತ್ರೆಯ ಆಹಾರತಜ್ಞರಿಂದ ಬರೆಸಿಕೊಳ್ಳಿ.

## ಹಂತ 3: ತುಡಿತದ ಲೆಕ್ಕ ಬರೆಯುವುದು

ನೋಟ್‌ಬುಕ್ಕಿನಲ್ಲಿ ನಾಲ್ಕು ಅಂಕಣ ಗೀಚಿರಿ: ಎಷ್ಟು ಗಂಟೆಗೆ ಸಿಹಿ ಬೇಕೆನಿಸಿತು, ಕೊನೆಯ ಊಟ ಆಗಿ ಎಷ್ಟು ಹೊತ್ತಾಗಿತ್ತು, ಆಗ ಮನಸ್ಸು ಹೇಗಿತ್ತು, ಏನು ತಿಂದದ್ದಾಯಿತು. ಬರೆಯಬೇಕಾದವರು ಮದ್ಯ ಬಿಟ್ಟವರೇ. ಮನೆಯವರು ಬರೆದರೆ ಅದು ಪೊಲೀಸ್ ಠಾಣೆಯ ದಿನಚರಿಯಾಗುತ್ತದೆ, ಎರಡೇ ದಿನಕ್ಕೆ ಸುಳ್ಳು ಹೇಳುವುದು ಶುರುವಾಗುತ್ತದೆ. ಓದು ಬರಹ ಬಾರದವರು ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ರಾತ್ರಿ ಎಂಬ ನಾಲ್ಕು ಮನೆಗಳಲ್ಲಿ ಗೀಟು ಹಾಕಿದರೂ ಆಗುತ್ತದೆ.

ಹತ್ತು ದಿನ ಬರೆದ ಮೇಲೆ ಒಂದು ಆಕಾರ ಕಾಣತೊಡಗುತ್ತದೆ. ವ್ಯಸನ ಚಿಕಿತ್ಸೆಯ ಆಪ್ತಸಲಹೆಗಾರರು ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳಲು ಹೇಳುವುದುಂಟು: ಹಸಿವಾಗಿದೆಯೇ, ಸಿಟ್ಟು ಬಂದಿದೆಯೇ, ಒಂಟಿ ಅನಿಸುತ್ತಿದೆಯೇ, ದಣಿವಾಗಿದೆಯೇ? ಹಸಿವಿನಿಂದ ಬಂದ ತುಡಿತಕ್ಕೆ ಊಟ ಕೊಟ್ಟರೆ ಅಲ್ಲಿಗೆ ಮುಗಿಯಿತು. ಸಿಟ್ಟಿನಿಂದಲೋ ಒಂಟಿತನದಿಂದಲೋ ಬಂದದ್ದಕ್ಕೆ ಎಷ್ಟು ಜಾಮೂನು ಕೊಟ್ಟರೂ ಅದು ತಣಿಯುವುದಿಲ್ಲ, ಮತ್ತು ಇದೇ ತುಡಿತ ಸಂಜೆ ಹೊತ್ತಿಗೆ ಮದ್ಯದ ಕಡೆ ತಿರುಗುವ ಸಂಭವ ಹೆಚ್ಚು. ಈ ಎರಡನ್ನು ಬೇರೆಮಾಡಿ ನೋಡಲಿಕ್ಕಾಗಿಯೇ ನೋಟ್‌ಬುಕ್ಕು ಬೇಕಾಗಿರುವುದು.

ಇನ್ನೊಂದು ಎಚ್ಚರಿಕೆ. ಬೆವರು, ನಡುಕ, ಎದೆಬಡಿತ, ಚಡಪಡಿಕೆ ಇವು ಮದ್ಯ ಬಿಟ್ಟಾಗಲೂ ಬರುತ್ತವೆ, ರಕ್ತದ ಸಕ್ಕರೆ ಕುಸಿದಾಗಲೂ ಬರುತ್ತವೆ. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಲ್ಲಿ ಇವು ಕಂಡರೆ ಗ್ಲುಕೋಮೀಟರಿನಲ್ಲಿ ಪರೀಕ್ಷಿಸಿ. 70ಕ್ಕಿಂತ ಕಡಿಮೆಯಿದ್ದರೆ ಮೂರು ನಾಲ್ಕು ಚಮಚ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಕುಡಿಸಿ, 15 ನಿಮಿಷದ ನಂತರ ಮತ್ತೆ ಪರೀಕ್ಷಿಸಬೇಕು. ಆಗ ಸಕ್ಕರೆಯೇ ಔಷಧ, ಅಲ್ಲಿ ನಿಯಂತ್ರಣದ ಮಾತಿಲ್ಲ. ಪ್ರಜ್ಞೆ ಇಲ್ಲದವರ ಬಾಯಿಗೆ ಮಾತ್ರ ಏನನ್ನೂ ಹಾಕಬಾರದು, ತಕ್ಷಣ 108ಕ್ಕೆ ಕರೆ ಮಾಡಬೇಕು.

## ಹಂತ 4: ಸಂಜೆ ಆರರಿಂದ ಒಂಬತ್ತು

ಹೆಚ್ಚಿನವರ ನೋಟ್‌ಬುಕ್ಕಿನಲ್ಲಿ ಗೀಟುಗಳು ಗುಂಪುಗೂಡುವುದು ಇಲ್ಲಿಯೇ. ಕೆಲಸ ಮುಗಿಸಿ ಬರುವ ದಾರಿ, ವೈನ್ ಸ್ಟೋರಿನ ಬೋರ್ಡು, ಹಳೆಯ ಗೆಳೆಯನ ಫೋನು, ಹಸಿದ ಹೊಟ್ಟೆ ಎಲ್ಲವೂ ಒಂದೇ ಗಂಟೆಯಲ್ಲಿ ಸೇರುತ್ತವೆ. ಅದಕ್ಕಾಗಿ ಐದು ಐದೂವರೆಗೆ, ಅಂದರೆ ತುಡಿತ ಏಳುವ ಮೊದಲೇ, ಹೊಟ್ಟೆಗೆ ಗಟ್ಟಿಯಾದದ್ದೇನಾದರೂ ಬೀಳಬೇಕು: ಬೇಯಿಸಿದ ಕಡಲೆಕಾಯಿ, ಹೆಸರುಕಾಳಿನ ಕೋಸಂಬರಿ, ಬೇಯಿಸಿದ ಮೊಟ್ಟೆ, ಒಂದು ಬಾಳೆಹಣ್ಣಿನ ಜೊತೆ ಹಿಡಿ ಹುರಿಗಡಲೆ. ಕೆಲಸದ ಜಾಗದಿಂದ ನೇರ ಬರುವವರಿಗೆ ಒಂದು ಸ್ಟೀಲ್ ಡಬ್ಬಿಯಲ್ಲಿ ಬೆಳಿಗ್ಗೆಯೇ ಹಾಕಿಕೊಡಬೇಕು.

ಇಲ್ಲಿ ಹೆಚ್ಚಿನ ಮಾರ್ಗದರ್ಶಿಗಳು ಹೇಳದ ಒಂದು ಸಂಗತಿಯಿದೆ. ಕಾಂಗ್ರೆಸ್ ಕಡಲೆಬೀಜ, ಮಸಾಲೆ ಕಡಲೆ, ಖಾರದ ಚಿಪ್ಸು, ಉಪ್ಪಿನಕಾಯಿ ಇವೆಲ್ಲ ಅನೇಕರಿಗೆ ಕುಡಿಯುವಾಗ ನೆಂಚಿಕೊಳ್ಳುತ್ತಿದ್ದ ತಿಂಡಿಗಳು. ಸೋಡಾ, ಕೋಲಾ, ನಿಂಬೆಯ ಪಾನೀಯ ಇವು ಬೆರೆಸಿಕೊಳ್ಳುತ್ತಿದ್ದವು. ಸಿಹಿಗೆ ಬದಲಾಗಿ ಖಾರ ಕೊಡೋಣವೆಂದು ತಟ್ಟೆಯಲ್ಲಿ ಕಾಂಗ್ರೆಸ್ ಕಡಲೆಬೀಜ ಹಾಕಿ, ಪಕ್ಕದಲ್ಲಿ ತಣ್ಣನೆಯ ಕೋಲಾ ಇಟ್ಟರೆ ಅವರ ಮಿದುಳಿಗೆ ಕಾಣುವುದು ಬಾಟಲಿಯೊಂದೇ ಕಡಿಮೆಯಿರುವ ಹಳೆಯ ಮೇಜು. ಯಾವ ತಿಂಡಿ, ಯಾವ ಲೋಟ, ಯಾವ ಕುರ್ಚಿ ಹಳೆಯದನ್ನು ನೆನಪಿಸುತ್ತದೆಂದು ಅವರನ್ನೇ ಕೇಳಿ ಪಟ್ಟಿ ಮಾಡಿರಿ, ಮೊದಲ ಕೆಲವು ತಿಂಗಳು ಅವುಗಳನ್ನು ಮನೆಯಿಂದ ಹೊರಗಿಡಿರಿ. ಆಲ್ಕೋಹಾಲ್ ಇಲ್ಲದ ಬಿಯರ್ ಎಂದು ಮಾರುವ ಡಬ್ಬಿಗಳೂ ಈ ಪಟ್ಟಿಗೇ ಸೇರುತ್ತವೆ.

ತುಡಿತ ಎದ್ದರೆ ಅದು ಏರಿ ಇಳಿಯುವುದಕ್ಕೆ ಸಾಮಾನ್ಯವಾಗಿ ಇಪ್ಪತ್ತು ಮೂವತ್ತು ನಿಮಿಷ ಸಾಕು. ಆ ಹೊತ್ತಿಗೆ ಮೊದಲೇ ಗೊತ್ತುಮಾಡಿದ ಒಂದು ಕೆಲಸವಿರಲಿ: ಒಂದು ಲೋಟ ನೀರು ಮಜ್ಜಿಗೆ ಕುಡಿದು ಬೀದಿಯ ಕೊನೆಯವರೆಗೆ ನಡೆದು ಬರುವುದು, ಸ್ನಾನ, ಗಿಡಕ್ಕೆ ನೀರು, ಕುಡಿತ ಬಿಡುವವರು ಒಬ್ಬರಿಗೊಬ್ಬರು ನೆರವಾಗುವ ಆಲ್ಕೋಹಾಲಿಕ್ಸ್ ಅನಾನಿಮಸ್ ಗುಂಪಿನ ಸಂಜೆಯ ಸಭೆ. ನಡಿಗೆಯ ದಾರಿಯಲ್ಲಿ ವೈನ್ ಸ್ಟೋರ್ ಬಾರದಂತೆ ನೋಡಿಕೊಳ್ಳುವುದನ್ನು ಜನ ಮರೆಯುತ್ತಾರೆ.

## ಹಂತ 5: ಸಿಹಿಯನ್ನು ಎಷ್ಟು, ಯಾವಾಗ, ಹೇಗೆ ಕೊಡಬೇಕು

ಈ ಹಂತದಲ್ಲಿಯೂ ಸಿಹಿಯನ್ನು ನಿಲ್ಲಿಸುತ್ತಿಲ್ಲ, ಅದಕ್ಕೊಂದು ಜಾಗ ಕೊಡುತ್ತಿದ್ದೇವೆ. ಊಟವಾದ ಕೂಡಲೇ ತಿಂದ ಸಿಹಿ ರಕ್ತದ ಸಕ್ಕರೆಯನ್ನು ಬರಿಹೊಟ್ಟೆಯಲ್ಲಿ ತಿಂದಷ್ಟು ವೇಗವಾಗಿ ಏರಿಸುವುದಿಲ್ಲ, ಮತ್ತು ಹೊಟ್ಟೆ ತುಂಬಿರುವಾಗ ಒಂದೇ ತುಂಡಿಗೆ ತೃಪ್ತಿಯಾಗುತ್ತದೆ. ಎರಡನೆಯ ಸ್ಟೀಲ್ ಡಬ್ಬಿ ಇರುವುದು ಇದಕ್ಕೆ: ಆ ದಿನದ ಪಾಲನ್ನು, ಒಂದು ಕಡಲೆಬೀಜದ ಚಿಕ್ಕಿ, ಒಂದು ಎಳ್ಳುಂಡೆ ಅಥವಾ ಎರಡು ಖರ್ಜೂರದಂತೆ, ಬೆಳಿಗ್ಗೆಯೇ ಅದರಲ್ಲಿ ಹಾಕಿ ಅವರ ಕೈಗೇ ಕೊಡಬೇಕು. ಯಾವಾಗ ತಿನ್ನಬೇಕೆಂಬುದನ್ನು ಅವರೇ ತೀರ್ಮಾನಿಸಲಿ. ಕಿಲೋ ಲೆಕ್ಕದಲ್ಲಿ ತಂದು ಫ್ರಿಜ್ಜಿನಲ್ಲಿಟ್ಟರೆ ಈ ಏರ್ಪಾಡು ನಿಲ್ಲುವುದಿಲ್ಲ.

ಬೆಲ್ಲ, ಜೇನುತುಪ್ಪ, ಕಲ್ಲುಸಕ್ಕರೆ ಇವು ಸಕ್ಕರೆಗಿಂತ ಬೇರೆಯೆಂದು ಲೆಕ್ಕದಿಂದ ಬಿಡುವುದು ಬಲು ಸಾಮಾನ್ಯವಾದ ತಪ್ಪು. ರಕ್ತಕ್ಕೆ ಹೋದ ಮೇಲೆ ಅವು ಮಾಡುವ ಕೆಲಸ ಬಹುಮಟ್ಟಿಗೆ ಒಂದೇ. ಹಣ್ಣನ್ನು ಹಾಗೆಯೇ ತಿನ್ನುವುದು ಒಳ್ಳೆಯದು, ರಸ ಮಾಡಿ ಸಕ್ಕರೆ ಬೆರೆಸಿ ಕುಡಿಯುವುದು ಬೇರೆ ಮಾತು.

ಸಿಹಿಯ ನೆಪದಲ್ಲಿ ಮದ್ಯಸಾರ ಒಳಬರುವ ದಾರಿಗಳೂ ಇವೆ. ದ್ರಾಕ್ಷಾರಿಷ್ಟ, ಅಶೋಕಾರಿಷ್ಟದಂತಹ ಆಯುರ್ವೇದದ ಆಸವ ಅರಿಷ್ಟಗಳಲ್ಲಿ ಹುದುಗುವಿಕೆಯಿಂದ ಉಂಟಾದ ಆಲ್ಕೋಹಾಲ್ ಇರುತ್ತದೆ. ರಕ್ತ ಹೆಚ್ಚಲಿ, ಹಸಿವಾಗಲಿ ಎಂದು ಹಿರಿಯರು ಪ್ರೀತಿಯಿಂದ ಕೊಡುವುದು ಇವನ್ನೇ. ಕೆಲವು ಕೆಮ್ಮಿನ ಸಿರಪ್ಪುಗಳು, ರಮ್ ಸೇರಿಸಿದ ಕ್ರಿಸ್‌ಮಸ್ ಕೇಕು, ಮದ್ಯ ತುಂಬಿದ ಚಾಕೊಲೇಟ್ ಇವೂ ಹಾಗೆಯೇ. ನೀರಾ ಇಳಿಸಿದ ಕೂಡಲೇ ಸಿಹಿಯಾಗಿರುತ್ತದೆ ನಿಜ, ಆದರೆ ತಂಪಿನಲ್ಲಿಡದಿದ್ದರೆ ಕೆಲವೇ ಗಂಟೆಗಳಲ್ಲಿ ಹುದುಗಿ ಹೆಂಡವಾಗುತ್ತದೆ. ಕುಡಿದರೆ ಮೈಗೆ ಒಗ್ಗದಂತೆ ಮಾಡಲು ವೈದ್ಯರು ಕೊಡುವ ಡೈಸಲ್ಫಿರಾಮ್ ಮಾತ್ರೆ ತೆಗೆದುಕೊಳ್ಳುತ್ತಿರುವವರಿಗೆ ಇಷ್ಟು ಆಲ್ಕೋಹಾಲೇ ಸಾಕು, ಮುಖ ಕೆಂಪೇರಿ, ವಾಂತಿ, ಎದೆಬಡಿತ, ರಕ್ತದೊತ್ತಡದ ಕುಸಿತ ಆಗಬಹುದು. ಮಾತ್ರೆ ನಿಲ್ಲಿಸಿದ ಎರಡು ವಾರಗಳವರೆಗೂ ಈ ಅಪಾಯ ಉಳಿದಿರುತ್ತದೆ. ಅದೇ ಕಾರಣಕ್ಕೆ ಈ ಮಾತ್ರೆಯನ್ನಾಗಲಿ, ಕುಡಿತ ಬಿಡಿಸುತ್ತದೆಂದು ಜಾಹೀರಾತಿನಲ್ಲಿ ಬರುವ ಪುಡಿಗಳನ್ನಾಗಲಿ ಅವರಿಗೆ ತಿಳಿಯದಂತೆ ಪಾಯಸದಲ್ಲೋ ಸಾರಿನಲ್ಲೋ ಬೆರೆಸಬಾರದು. ಇದರಿಂದ ಜೀವ ಹೋಗಬಹುದು. ಜೀವ ಉಳಿದರೂ, ಮನೆಯ ಊಟದ ಮೇಲೆ ಅವರಿಗಿದ್ದ ನಂಬಿಕೆ ಹೋಗುತ್ತದೆ, ಆಮೇಲೆ ಈ ಮಾರ್ಗದರ್ಶಿಯ ಯಾವ ಹಂತವೂ ನಡೆಯುವುದಿಲ್ಲ.

## ಹಂತ 6: ಮನೆಯವರ ಪಾಲು

ಒಬ್ಬರೇ ಎಲ್ಲವನ್ನೂ ಹೊರುವ ಮನೆಗಳಲ್ಲಿ, ಮತ್ತು ಅದು ಬಹುತೇಕ ಹೆಂಡತಿ ಅಥವಾ ತಾಯಿಯೇ ಆಗಿರುತ್ತಾರೆ, ಎರಡನೆಯ ತಿಂಗಳಿಗೆ ಎಲ್ಲರಿಗೂ ಸುಸ್ತಾಗುತ್ತದೆ. ಆದ್ದರಿಂದ ಮೊದಲೇ ಹಂಚಿಕೊಳ್ಳಿ: ಅಡುಗೆಯ ಹೊತ್ತು ಒಬ್ಬರದು, ಸಂಜೆಯ ನಡಿಗೆಗೆ ಜೊತೆ ಹೋಗುವುದು ಇನ್ನೊಬ್ಬರದು, ಆಸ್ಪತ್ರೆಯ ದಿನಾಂಕ ನೆನಪಿಟ್ಟುಕೊಳ್ಳುವುದು ಮಗದೊಬ್ಬರದು. ಚಿಕ್ಕ ಮಕ್ಕಳಿಗೆ ಕಾವಲಿನ ಕೆಲಸ ಕೊಡಬಾರದು. "ಅಪ್ಪ ಏನ್ ತಿಂದ್ರು ನೋಡ್ಕೊಂಡ್ ಬಾ" ಎಂದು ಮಗುವನ್ನು ಕಳಿಸುವುದು ಇಬ್ಬರಿಗೂ ಅವಮಾನ.

ಮಾತಿನ ಧಾಟಿ ಈ ಹಂತದ ತಿರುಳು. "ಮೊದಲು ಎಣ್ಣೆ, ಈಗ ಸಕ್ಕರೆ, ನಿಮ್ಮ ಹಣೆಬರಹವೇ ಇಷ್ಟು" ಎಂಬ ಒಂದು ಮಾತು ಒಂದು ವಾರದ ಶ್ರಮವನ್ನು ಅಳಿಸಬಲ್ಲದು. ಅದರ ಬದಲು "ರೀ, ಊಟ ಮಾಡಿ ಎಷ್ಟ್ ಹೊತ್ತಾಯ್ತು? ಒಂದ್ ರೊಟ್ಟಿ ಬಡೀಲಾ?" ಎಂದು ಕೇಳಿದರೆ ಹಸಿವಿದ್ದರೆ ಹಸಿವು ಹೊರಬರುತ್ತದೆ, ಬೇರೇನಾದರೂ ಇದ್ದರೆ ಅದೂ ಹೊರಬರಬಹುದು. ತಾಯಿ ಮಗನಿಗೆ "ಬೆಲ್ಲ ತಿಂದ್ರೆ ತಿನ್ನಪ್ಪ, ಆದ್ರೆ ಮೊದ್ಲು ಎರಡ್ ತುತ್ತು ಉಣ್ಣು" ಎನ್ನಬಹುದು. ಕುಡಿತ ಬಿಟ್ಟವರು ಹೆಂಗಸಾಗಿದ್ದರೆ ಮನೆಯಲ್ಲಿ ಸಿಗುವ ಸಹನೆ ಇದರ ಅರ್ಧವೂ ಇರುವುದಿಲ್ಲವೆಂಬುದು ಕಹಿಯಾದ ಸತ್ಯ. ಆದರೆ ಹಂತಗಳು ಅವರಿಗೂ ಇವೇ, ಅಡುಗೆಯ ಹೊರೆಯನ್ನು ಮಾತ್ರ ಕೆಲವು ವಾರ ಬೇರೆಯವರು ಹೊರಬೇಕು.

ಹಬ್ಬಗಳಿಗೆ ಪ್ರತ್ಯೇಕ ಯೋಜನೆ ಬೇಕು. ಯುಗಾದಿಯ ದಿನ ಹೋಳಿಗೆ ತಿಂದರೆ ಯಾವ ಅನಾಹುತವೂ ಇಲ್ಲ. ಅನಾಹುತವಿರುವುದು ಮರುದಿನದ ಹೊಸತೊಡಕಿನಲ್ಲಿ, ಮಾಂಸದೂಟದ ಜೊತೆ ಬಾಟಲಿಯೂ ಬರುವ ನೆಂಟರ ಮನೆಯಲ್ಲಿ. ಜಾತ್ರೆ, ಮದುವೆಯ ಹಿಂದಿನ ರಾತ್ರಿ, ಬೀಗರೂಟ ಇವೂ ಅದೇ ಸಾಲಿನವು. ಅಂತಹ ಕಡೆ ಹೊಟ್ಟೆ ತುಂಬಿಸಿಕೊಂಡೇ ಹೋಗುವುದು, ಜೊತೆಗೊಬ್ಬರಿರುವುದು, ಹೊರಡುವ ಸಮಯವನ್ನು ಮೊದಲೇ ಗೊತ್ತುಮಾಡುವುದು ಇಷ್ಟನ್ನು ಪಾಲಿಸಿ, ಮೊದಲ ವರ್ಷ ಹೋಗದೇ ಇದ್ದರೂ ನಷ್ಟವಿಲ್ಲ.

ಮನೆಯವರಿಗೂ ಮಾತಾಡಲು ಒಂದು ಜಾಗ ಬೇಕು. ಮದ್ಯವ್ಯಸನಿಗಳ ಕುಟುಂಬದವರಿಗೆಂದೇ ಇರುವ ಅಲ್-ಅನಾನ್ ಗುಂಪುಗಳು ಹತ್ತಿರದಲ್ಲಿದ್ದರೆ ಹೋಗಿ ಕುಳಿತುಕೊಳ್ಳಿ, ಇಲ್ಲವಾದರೆ 14416ಕ್ಕೆ ನೀವೂ ನಿಮಗಾಗಿಯೇ ಕರೆ ಮಾಡಬಹುದು.

## ಹಂತ 7: ಈಗ ಸಕ್ಕರೆ ಇಳಿಸುವುದು

ಮದ್ಯ ಬಿಟ್ಟು ಸುಮಾರು ಎರಡು ತಿಂಗಳಾಗಿ, ಊಟದ ಹೊತ್ತು ನೆಲೆಗೊಂಡು, ನಿದ್ರೆ ಒಂದು ಮಟ್ಟಕ್ಕೆ ಬಂದ ಮೇಲೆ ಇದಕ್ಕೆ ಕೈಹಾಕಬಹುದು. ಮೊದಲು ಚಹಾದ ಲೆಕ್ಕ ನೋಡಿ. ಒಂದು ಮಟ್ಟಸ ಟೀ ಚಮಚ ಸಕ್ಕರೆ ಸುಮಾರು 4 ಗ್ರಾಂ. ಎರಡು ಚಮಚದ ಆರು ಚಹಾ ಎಂದರೆ 48 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ಸೇರಿಸಿದ ಸಕ್ಕರೆ ದಿನದ ಶಕ್ತಿಯ ಶೇ 10ಕ್ಕಿಂತ ಕಡಿಮೆಯಿರಬೇಕು, ದಿನಕ್ಕೆ 2000 ಕ್ಯಾಲೊರಿ ತಿನ್ನುವವರಿಗೆ ಅದು 50 ಗ್ರಾಂ, ಶೇ 5ಕ್ಕೆ ಇಳಿಸಿದರೆ ಇನ್ನೂ ಒಳ್ಳೆಯದು. ಅಂದರೆ ಸಿಹಿತಿಂಡಿಯ ಮಾತೆತ್ತುವ ಮುಂಚೆಯೇ ಚಹಾ ಮಿತಿಯನ್ನು ತಲುಪಿಸಿರುತ್ತದೆ. ವಾರಕ್ಕೆ ಅರ್ಧ ಚಮಚದಂತೆ ಇಳಿಸಿದರೆ ನಾಲಿಗೆ ಹೊಂದಿಕೊಳ್ಳುತ್ತದೆ. ಮಧ್ಯಾಹ್ನ ಮೂರರ ನಂತರದ ಚಹಾ ಕಾಫಿಯನ್ನು ಬಿಟ್ಟರೆ ನಿದ್ರೆಗೂ ಅನುಕೂಲ, ನಿದ್ರೆ ಕೆಟ್ಟ ಮರುದಿನ ತುಡಿತ ಹೆಚ್ಚುವುದೂ ತಪ್ಪುತ್ತದೆ.

ಒಂದು ವಾರಕ್ಕೆ ಒಂದೇ ಬದಲಾವಣೆ ಮಾಡಬೇಕು. ಚಹಾ, ಬಿಸ್ಕತ್ತು, ಬೀಡಿ, ಅನ್ನ ನಾಲ್ಕನ್ನೂ ಒಟ್ಟಿಗೆ ಕಡಿಮೆ ಮಾಡಲು ಹೊರಡುವ ಉತ್ಸಾಹವನ್ನು ತಡೆಯಿರಿ. ಸಕ್ಕರೆ ಇಳಿದಂತೆ ಗುಟ್ಕಾ, ಸಿಗರೇಟು ಏರುತ್ತಿವೆಯೇ ಎಂದು ಗಮನಿಸಿ, ಏರುತ್ತಿದ್ದರೆ ಇಳಿಸುವುದನ್ನು ಒಂದೆರಡು ವಾರ ಅಲ್ಲಿಗೇ ನಿಲ್ಲಿಸಿರಿ. ತೂಕವನ್ನು ತಿಂಗಳಿಗೊಮ್ಮೆ ನೋಡಿದರೆ ಸಾಕು, ರಕ್ತದ ಪರೀಕ್ಷೆಯನ್ನು ಮೂರು ತಿಂಗಳಿಗೆ ಮತ್ತೆ ಮಾಡಿಸಿ.

## ತಡಮಾಡದೆ ಆಸ್ಪತ್ರೆಗೆ ಹೋಗಬೇಕಾದ ಗುರುತುಗಳು

ಫಿಟ್ಸ್, ಗೊಂದಲ, ಇಲ್ಲದ್ದು ಕಾಣುವುದು, ರಕ್ತವಾಂತಿ, ಡಾಂಬರಿನಂತೆ ಕಪ್ಪಾದ ಮಲ, ಹಳದಿಯಾದ ಕಣ್ಣು, ಊದಿಕೊಂಡ ಹೊಟ್ಟೆ ಇವುಗಳಲ್ಲಿ ಯಾವುದು ಕಂಡರೂ ಕಾಯಬಾರದು. ಮೇಲುಹೊಟ್ಟೆಯಲ್ಲಿ ಹುಟ್ಟಿ ಬೆನ್ನಿಗೆ ಹರಡುವ ತೀವ್ರ ನೋವು ಮೇದೋಜ್ಜೀರಕ ಗ್ರಂಥಿಯ ಉರಿಯೂತವಾಗಿರಬಹುದು, ಗ್ಯಾಸ್ ಎಂದು ಸೋಡಾ ಕುಡಿಸಿ ಮಲಗಿಸಬೇಡಿ. ಆ ಗ್ರಂಥಿ ದೀರ್ಘಕಾಲ ಹಾಳಾದವರಿಗೆ ಸಕ್ಕರೆ ಕಾಯಿಲೆಯೂ ಬರಬಹುದು. ಸಿಹಿಯ ಚಪಲದೊಂದಿಗೆ ತಡೆಯಲಾಗದ ಬಾಯಾರಿಕೆ, ಪದೇ ಪದೇ ಮೂತ್ರ, ತಿಂದರೂ ಇಳಿಯುವ ತೂಕ ಸೇರಿಕೊಂಡಿದ್ದರೆ ಅದೇ ದಿನ ರಕ್ತದ ಸಕ್ಕರೆ ನೋಡಿಸಿ. ಬದುಕು ಸಾಕೆನ್ನುವ ಮಾತು ಬಾಯಲ್ಲಿ ಬಂದರೆ ಅವರನ್ನು ಒಂಟಿಯಾಗಿ ಬಿಡದೆ ವೈದ್ಯರನ್ನು ಸಂಪರ್ಕಿಸಿರಿ.

## ನಡುವೆ ಕುಡಿದುಬಿಟ್ಟರೆ

ಒಂದು ಸಂಜೆ ಕುಡಿದು ಬಂದರೆ ಆ ರಾತ್ರಿ ಯಾವ ವಿಚಾರಣೆಯೂ ಬೇಡ. ಡೈಸಲ್ಫಿರಾಮ್ ತೆಗೆದುಕೊಳ್ಳುತ್ತಿದ್ದವರಾದರೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು, ಇನ್ಸುಲಿನ್ ಅಥವಾ ಸಕ್ಕರೆಯ ಮಾತ್ರೆ ಇರುವವರಾದರೆ ರಾತ್ರಿಯಲ್ಲಿ ರಕ್ತದ ಸಕ್ಕರೆ ಕುಸಿಯುವ ಸಾಧ್ಯತೆಯಿರುವುದರಿಂದ ಪರೀಕ್ಷಿಸುತ್ತಿರಬೇಕು. ಉಳಿದವರನ್ನು ಮಗ್ಗುಲಾಗಿ ಮಲಗಿಸಿ, ಉಸಿರಾಟ ಮತ್ತು ಪ್ರಜ್ಞೆಯನ್ನು ಗಮನಿಸುತ್ತಿರಿ. ಎಬ್ಬಿಸಿದರೂ ಏಳದಿದ್ದರೆ 108.

ಬೆಳಿಗ್ಗೆ ಮೊದಲು ತಿಂಡಿ, ಆಮೇಲೆ ವೈದ್ಯರಿಗೆ ಫೋನು, ಆಮೇಲೆ ನೋಟ್‌ಬುಕ್ಕು. ಹಿಂದಿನ ದಿನದ ಪುಟದಲ್ಲಿ ಮಧ್ಯಾಹ್ನದ ಊಟ ತಪ್ಪಿತ್ತೇ, ಸಂಜೆಯ ಡಬ್ಬಿ ಮರೆತಿತ್ತೇ, ಯಾರೊಡನಾದರೂ ಮಾತು ಬೆಳೆದಿತ್ತೇ ಎಂದು ಅವರೇ ನೋಡಲಿ. ಒಂದೇ ದಿನದ ಕುಡಿತವಾಗಿದ್ದರೆ ವೈದ್ಯರ ಒಪ್ಪಿಗೆಯ ಮೇಲೆ ಎರಡನೆಯ ಹಂತದಿಂದ ಮುಂದುವರಿಯಬಹುದು. ನಾಲ್ಕಾರು ದಿನ ಸತತವಾಗಿ ಕುಡಿದಿದ್ದರೆ ಫಿಟ್ಸಿನ ಅಪಾಯ ಮತ್ತೆ ಎದುರಾಗುವುದರಿಂದ ಮೊದಲನೆಯ ಹಂತಕ್ಕೇ, ಅಂದರೆ ಆಸ್ಪತ್ರೆಗೇ, ಹಿಂದಿರುಗಬೇಕು. ಯಾವ ಹಂತದಿಂದ ಶುರುವಾದರೂ ಸಕ್ಕರೆ ಇಳಿಸುವ ಏಳನೆಯ ಹಂತವನ್ನು ಇನ್ನೊಂದು ಎರಡು ತಿಂಗಳು ಮುಂದಕ್ಕೆ ಹಾಕಿರಿ.